ಹಾಡಿಲ್ಲದ ಪಾಷಾ

ಬುಕ್ಕಾಂಬುಧಿಯಲ್ಲಿ ಕೂತು ಒಪೆರಾ ಕೇಳುತ್ತೇನೆಂದರೆ ಗೆಳೆಯರು ನಗುತ್ತಾರೆ. ನಗಲಿ. ಕಡಲಿನಿಂದ ಇಷ್ಟು ದೂರವಿದ್ದೂ ಹೆಸರಿನಲ್ಲಿ ಅಂಬುಧಿಯನ್ನು ಹೊತ್ತುಕೊಂಡ ಊರು ನಮ್ಮದು. ಇಶಾ ನಮಾಜು ಮುಗಿಸಿ ಬಂದು, ಊಟವಾದ ಮೇಲೆ ಜಗಲಿಯಲ್ಲಿ ಕಿವಿಗೆ ತಂತಿ ಸಿಕ್ಕಿಸಿಕೊಂಡು ಕೂತರೆ ವಿಯೆನ್ನಾ, ಮಿಲಾನ್, ವೆನಿಸ್ ಒಂದೊಂದಾಗಿ ಬರುತ್ತವೆ. ಮೊದಮೊದಲು ತಂತಿಯೂ ಇರಲಿಲ್ಲ. ಫೋನನ್ನು ಗೋಡೆಗೆ ಒರಗಿಸಿಟ್ಟು ಜೋರಾಗಿ ಹಾಕಿದ್ದೆ. ಒಳಗಿನಿಂದ ಹೆಂಡತಿ ಗಾಬರಿಯಾಗಿ ಬಂದು, "ಕೌನ್ ರೋರಾ ಜೀ ಫೋನ್ ಮೇ?" ಎಂದಳು. ನೆಂಟರ ಪೈಕಿ ಯಾರದೋ ಸಾವಿನ ಸುದ್ದಿ ಬಂದಿದೆ ಎಂದುಕೊಂಡಿದ್ದಳು. ಅವಳ ತಪ್ಪೇನಿಲ್ಲ. ಒಪೆರಾದ ಹೆಣ್ಣುದನಿ ಮೊದಲ ಸಲ ಕಿವಿಗೆ ಬಿದ್ದಾಗ ಅದು ಹಾಡು ಎಂದು ನಮ್ಮ ಕಿವಿ ಒಪ್ಪುವುದೇ ಇಲ್ಲ.

ಆದರೆ ಹಾಡಿನಲ್ಲಿ ಕತೆ ಹೇಳುವುದು ನಮಗೆ ಹೊಸದೇ? ಸುಗ್ಗಿ ಮುಗಿದ ಮೇಲೆ ನಮ್ಮ ಸೀಮೆಯ ಹಳ್ಳಿಗಳಲ್ಲಿ 'ಕುರುಕ್ಷೇತ್ರ' ಆಡುತ್ತಾರೆ. ಹಗಲೆಲ್ಲ ಅಡಿಕೆ ತೋಟದಲ್ಲಿ, ಈರುಳ್ಳಿ ಹೊಲದಲ್ಲಿ ದುಡಿದವರು ರಾತ್ರಿ ಕಿರೀಟವಿಟ್ಟುಕೊಂಡು ಕಂದ ಹಾಡುತ್ತಾರೆ. ಪಕ್ಕದಲ್ಲಿ ಹಾರ್ಮೋನಿಯಂ ಹಿಡಿದ ಡ್ರಾಮಾ ಮೇಷ್ಟ್ರು ಶ್ರುತಿ ಕೊಡುತ್ತಾರೆ. ಸಾಯುವ ಹೊತ್ತಿನಲ್ಲೂ ದುರ್ಯೋಧನ ಹಾಡುತ್ತಾನೆ, ಚೆನ್ನಾಗಿದ್ದರೆ ಜನ ಒನ್ಸ್ ಮೋರ್ ಎನ್ನುತ್ತಾರೆ, ಅವನು ಎದ್ದು ಮತ್ತೊಮ್ಮೆ ಹಾಡಿ ಸಾಯುತ್ತಾನೆ. ಇಷ್ಟನ್ನು ಒಪ್ಪಿಕೊಂಡವನಿಗೆ ಒಪೆರಾದಲ್ಲಿ ಒಪ್ಪಿಕೊಳ್ಳಲಾಗದ್ದು ಏನೂ ಇಲ್ಲ. ಕೆಳಗಿನ ತರಗತಿಗಳನ್ನು ನಾನು ಓದಿದ್ದು ಉರ್ದು ಶಾಲೆಯಲ್ಲಿ. ಆ ಭಾಷೆಯ ಮೊದಲ ದೊಡ್ಡ ನಾಟಕವೆಂದು ಹೆಸರಾದದ್ದೇ ಹಾಡಿನ ನಾಟಕ. 1850ರ ದಶಕದ ಮೊದಲಲ್ಲಿ ಲಖನೌದ ಅಮಾನತ್ ಬರೆದ 'ಇಂದರ್ ಸಭಾ' ಅದು. ಅದೇ ಕಾಲಕ್ಕೆ, 1853ರ ಮಾರ್ಚ್‌ನಲ್ಲಿ, ವೆನಿಸ್ಸಿನಲ್ಲಿ ವೆರ್ದಿಯ 'ಲಾ ತ್ರಾವಿಯಾತಾ' ಮೊದಲ ಸಲ ರಂಗಕ್ಕೆ ಬಂತು. ಕನ್ನಡದಲ್ಲಿ ಪು.ತಿ.ನ. ಅವರು 'ಗೋಕುಲ ನಿರ್ಗಮನ'ದಂಥ ಗೀತನಾಟಕಗಳನ್ನು ಬರೆದರು. ಕಂಪನಿ ನಾಟಕದ ಕಾಲದಲ್ಲಿ ಚಂದ್ರಕಲಾ ನಾಟಕ ಮಂಡಳಿ ಕಟ್ಟಿದ ಮಹಮ್ಮದ್ ಪೀರ್ ಅವರ ಹೆಸರನ್ನು ಹಳಬರು ಈಗಲೂ ಹೇಳುತ್ತಾರೆ. ಹಾಗಾಗಿ ಒಪೆರಾ ನಮ್ಮದಲ್ಲ ಎಂದು ದೂರ ನಿಲ್ಲುವ ಕಾರಣ ನನಗೆ ಕಾಣಲಿಲ್ಲ.

ತೊಂದರೆ ಬೇರೆಯದು. ಯಾವುದನ್ನು ಕೇಳುವುದು? ಒಂದೇ ಒಪೆರಾಕ್ಕೆ ಹತ್ತು, ಇಪ್ಪತ್ತು, ಕೆಲವಕ್ಕೆ ಅದಕ್ಕೂ ಹೆಚ್ಚು ಧ್ವನಿಮುದ್ರಿಕೆಗಳಿವೆ. ಹಾಡುವವರು ಬೇರೆ, ವಾದ್ಯವೃಂದ ಬೇರೆ, ಅದನ್ನು ನಡೆಸುವ ಕಂಡಕ್ಟರ್ ಬೇರೆ. (ಕಂಡಕ್ಟರ್ ಎಂದರೆ ನಮಗೆ ಬಸ್ಸಿನವನು. ವ್ಯತ್ಯಾಸ ಅಷ್ಟೇನೂ ದೊಡ್ಡದಲ್ಲ. ಯಾವಾಗ ಹೊರಡಬೇಕು, ಎಲ್ಲಿ ನಿಲ್ಲಬೇಕು ಎನ್ನುವುದು ಇಬ್ಬರ ಕೈಯಲ್ಲೂ ಇದೆ.) ಹೊಸಬನಿಗೆ ಸಿಗುವುದು ಪಟ್ಟಿಗಳು. ಕೇಳಲೇಬೇಕಾದ ಐವತ್ತು, ಸಾಯುವ ಮೊದಲು ಕೇಳಬೇಕಾದ ನೂರು. ಈ ಪಟ್ಟಿಗಳನ್ನು ಮಾಡಿದವರು ನಮ್ಮನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವರಲ್ಲ. ಇಂತಿಂಥ ಗಾಯಕಿಯ ದನಿ ಇಂತಿಂಥ ವರ್ಷದಲ್ಲಿ ಸ್ವಲ್ಪ ದಣಿದಿತ್ತು ಎಂದು ಅವರು ಬರೆಯುತ್ತಾರೆ. ದಣಿಯದ ದನಿ ಹೇಗಿತ್ತೆಂದೇ ಗೊತ್ತಿಲ್ಲದವನಿಗೆ ಅದರಿಂದ ಏನು ಉಪಯೋಗ?

ಪಟ್ಟಿಯ ಹಂಗಿಲ್ಲದೆ ಆಯ್ಕೆ ಮಾಡಬಲ್ಲವರು ನಮ್ಮ ನಾಡಿನಲ್ಲಿ ಒಬ್ಬರಿದ್ದರು. ಮೈಸೂರಿನ ಕೊನೆಯ ಮಹಾರಾಜ ಜಯಚಾಮರಾಜ ಒಡೆಯರ್ (1919-1974). ಕರ್ನಾಟಕ ಸಂಗೀತದಲ್ಲಿ ಕೃತಿಗಳನ್ನು ರಚಿಸಿದವರು ಎಂದು ಅವರನ್ನು ನಾವು ಬಲ್ಲೆವು. ಆದರೆ ಅವರು ಯುವರಾಜರಾಗಿದ್ದಾಗಿನಿಂದ ಪಿಯಾನೊ ಹುಚ್ಚಿನವರು. ಅರಮನೆಯಲ್ಲಿ ಸುಮಾರು 20,000 ಗ್ರಾಮಫೋನ್ ತಟ್ಟೆಗಳಿದ್ದುವೆಂದು ಹೇಳುತ್ತಾರೆ. ರಷ್ಯಾದಿಂದ ಹೋಗಿ ಲಂಡನ್ನಿನಲ್ಲಿ ನೆಲೆಸಿದ್ದ, ಯಾರೂ ಅಷ್ಟಾಗಿ ಕೇಳದಿದ್ದ ಮೆಟ್ನರ್ ಎಂಬ ಸಂಗೀತಗಾರನ ರಚನೆಗಳನ್ನು ಅವನಿಂದಲೇ ನುಡಿಸಿ ಮುದ್ರಿಸಲು ದುಡ್ಡು ಕೊಟ್ಟವರು ಇವರು. ಆತ ತನ್ನ ಮೂರನೆಯ ಪಿಯಾನೊ ಕಾನ್ಚೆರ್ಟೊವನ್ನು ಮೈಸೂರಿನ ಮಹಾರಾಜರಿಗೆ ಅರ್ಪಿಸಿದ. ಲಂಡನ್ನಿನ ಫಿಲ್ಹಾರ್ಮೋನಿಯಾ ಕಾನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರೂ ಇವರೇ. ಆ ವಾದ್ಯವೃಂದವನ್ನು 1945ರಲ್ಲಿ ಕಟ್ಟಿದ ವಾಲ್ಟರ್ ಲೆಗ್ ಎಂಬ ಧ್ವನಿಮುದ್ರಣದ ಮೇಧಾವಿಯನ್ನು ಅವರು ಮೈಸೂರಿಗೇ ಕರೆಸಿಕೊಂಡರು. 1950ರ ಮೇ 22ರಂದು ಲಂಡನ್ನಿನ ಆಲ್ಬರ್ಟ್ ಹಾಲ್‌ನಲ್ಲಿ ರಿಚರ್ಡ್ ಸ್ಟ್ರಾಸ್‌ನ ಕೊನೆಯ ನಾಲ್ಕು ಹಾಡುಗಳನ್ನು ಫ್ಲಾಗ್‌ಸ್ಟಾಡ್ ಎಂಬ ನಾರ್ವೆಯ ಗಾಯಕಿ ಮೊದಲ ಬಾರಿಗೆ ಹಾಡಿದಾಗ ಅದರ ಖರ್ಚಿಗೆ ಜಾಮೀನು ನಿಂತದ್ದು ಮೈಸೂರು. ತಾವು ಹೋಗಲಾಗದ ಆ ಕಛೇರಿಯನ್ನು ಮುದ್ರಿಸಿ ಕಳಿಸಬೇಕೆಂಬುದು ಅವರ ಷರತ್ತು.

ಇದನ್ನು ಓದಿದಾಗ ಹೆಮ್ಮೆಯಾಯಿತು, ಹೊಟ್ಟೆಕಿಚ್ಚೂ ಆಯಿತು. ಕಡೂರು, ತರೀಕೆರೆ ಆಗ ಅದೇ ಮೈಸೂರು ಸೀಮೆಯ ತಾಲ್ಲೂಕುಗಳು. ಅರಮನೆಯ ಆ ತಟ್ಟೆಗಳ ಸದ್ದು ಇಲ್ಲಿಯವರೆಗೆ ಬರಲಿಲ್ಲ. ನಮಗೆ ಬಂದದ್ದು ಭದ್ರಾವತಿ ಆಕಾಶವಾಣಿ, ಮತ್ತು ಚಾಚಾ ಸೌದಿಯಿಂದ ತಂದ ಟೇಪ್‌ರೆಕಾರ್ಡರು. ಅದರಲ್ಲಿ ಅಬ್ಬಾ ನಾತ್ ಮತ್ತು ಕವ್ವಾಲಿಗಳನ್ನು ಬಿಟ್ಟರೆ ಬೇರೇನನ್ನೂ ಹಾಕಗೊಡುತ್ತಿರಲಿಲ್ಲ. ಸಂಗೀತ ಕೂಡದು ಎನ್ನುವವರೂ ಕವ್ವಾಲಿಗೆ ತಲೆದೂಗುವುದನ್ನು ನೋಡುತ್ತ ಬೆಳೆದವನು ನಾನು. ಆ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ.

ಮೈಸೂರಿನ ಇನ್ನೊಂದು ಎಳೆಯನ್ನು ಮಾತ್ರ ಹೇಳಬೇಕು. ಫ್ರೆಡ್ ಗೈಸ್‌ಬರ್ಗ್ ಎಂಬಾತ 1902ರ ಏಪ್ರಿಲ್‌ನಲ್ಲಿ ಮಿಲಾನ್‌ನ ಹೋಟೆಲೊಂದರ ಕೋಣೆಯಲ್ಲಿ ಕರೂಸೊ ಎಂಬ ತರುಣ ಒಪೆರಾ ಗಾಯಕನ ಹತ್ತು ಹಾಡುಗಳನ್ನು ಮುದ್ರಿಸಿಕೊಂಡ. ಆ ತಟ್ಟೆಗಳಿಂದ ಗ್ರಾಮಫೋನಿಗೂ ಮರ್ಯಾದೆ ಬಂತು, ಕರೂಸೊನಿಗೂ. ಅದೇ ಗೈಸ್‌ಬರ್ಗ್ ಅದೇ ವರ್ಷದ ನವೆಂಬರ್‌ನಲ್ಲಿ ಕಲ್ಕತ್ತೆಗೆ ಬಂದು ಗೌಹರ್ ಜಾನ್ ದನಿಯನ್ನು ಮುದ್ರಿಸಿದ. ಆ ಗೌಹರ್ ಜಾನ್ 1928ರಲ್ಲಿ ಮೈಸೂರು ಅರಮನೆಯ ಗಾಯಕಿಯಾಗಿ ಬಂದು, 1930ರ ಜನವರಿಯಲ್ಲಿ ಮೈಸೂರಿನಲ್ಲೇ ತೀರಿಕೊಂಡರು. ಕರೂಸೊನ ತಟ್ಟೆಯನ್ನೂ ಗೌಹರ್ ತಟ್ಟೆಯನ್ನೂ ಒಂದರ ಹಿಂದೊಂದು ಹಾಕಿ ನೋಡಿ. ಅದೇ ಕರಕರ ಸದ್ದು, ಅದೇ ಮೂರು ಚಿಲ್ಲರೆ ನಿಮಿಷದ ಅವಸರ. ಗೌಹರ್ ಕೊನೆಯಲ್ಲಿ ಇಂಗ್ಲಿಷಿನಲ್ಲಿ ತನ್ನ ಹೆಸರು ಹೇಳಿ ಮುಗಿಸುತ್ತಾಳೆ. ಹಳೆಯ ಮುದ್ರಣದ ಕರಕರಕ್ಕೆ ಹೆದರುವ ಹೊಸಬರಿಗೆ ನಾನು ಹೇಳುವುದು ಇಷ್ಟೇ: ಅಬ್ದುಲ್ ಕರೀಂ ಖಾನರನ್ನು ಆ ಕರಕರದ ನಡುವೆಯೇ ಕೇಳಿ ನಮ್ಮ ಹಿರಿಯರು ಕಣ್ಣೀರು ಹಾಕಲಿಲ್ಲವೇ? ಕಿವಿ ಐದು ನಿಮಿಷದಲ್ಲಿ ಅದನ್ನು ಬದಿಗೆ ಸರಿಸುತ್ತದೆ.

ಇನ್ನು ನನ್ನ ಕತೆ. 2004ರ ಸುಮಾರಿಗೆ ಬೆಂಗಳೂರಿನ ಅಂಗಡಿಯೊಂದರಲ್ಲಿ ನನ್ನ ಮೊದಲ ಒಪೆರಾ ಸಿ.ಡಿ. ಕೊಂಡೆ. ಆಯ್ಕೆಗೆ ಕಾರಣ ಸಂಗೀತವಲ್ಲ, ಮುಖಪುಟದ ಚಿತ್ರ: ಮುಂಡಾಸು, ಕಮಾನು ಬಾಗಿಲು, ಅರ್ಧಚಂದ್ರ. ನಮ್ಮವರ ಕತೆ ಏನೋ ಇರಬೇಕು ಎಂದುಕೊಂಡೆ. ಅದು ಮೊಜಾರ್ಟ್‌ನ 'ಸೆರಾಲಿಯೊದಿಂದ ಅಪಹರಣ'. ಸೆರಾಲಿಯೊ ಎಂದರೆ ಪಾಷಾನ ಅಂತಃಪುರ. ಊರಿಗೆ ಬಂದು ಕೇಳಿದೆ. ಹಾಡುಗಳು ಒಂದಾದ ಮೇಲೊಂದು ಬಂದುವು, ಮುಗಿದುವು. ಕತೆಯ ತಲೆಬುಡ ಹತ್ತಲಿಲ್ಲ. ಹೊದಿಕೆಯ ಸಣ್ಣ ಅಕ್ಷರದಲ್ಲಿ 'ಹೈಲೈಟ್ಸ್' ಎಂದಿತ್ತು. ಅಂಗಡಿಯವನು ಹೇಳಿರಲಿಲ್ಲ, ನನಗೂ ಕೇಳಲು ತಿಳಿದಿರಲಿಲ್ಲ. ಹಾಡಿದವರ ಹೆಸರುಗಳ ಪಟ್ಟಿಯಲ್ಲಿ ಐವರಿದ್ದರು. ಪಾಷಾ ಇರಲಿಲ್ಲ. ಕತೆ ನಡೆಯುವುದೇ ಅವನ ಅರಮನೆಯಲ್ಲಿ. ಅವನೇ ಕಾಣೆಯಾಗಿದ್ದ.

ಯಾಕೆಂದು ತಿಳಿಯಲು ವರ್ಷಗಳು ಬೇಕಾದುವು. ಮೊಜಾರ್ಟ್ ಆ ಒಪೆರಾದಲ್ಲಿ ಪಾಷಾ ಸಲೀಮನಿಗೆ ಒಂದೂ ಹಾಡು ಕೊಟ್ಟಿಲ್ಲ. ಅದು ಮಾತಿನ ಪಾತ್ರ. ಇದು ನಮ್ಮ ಕಂಪನಿ ನಾಟಕದ ಹಾಗೆ ಮಾತು ಮತ್ತು ಹಾಡು ಬೆರೆತ ಜಾತಿಯ ಒಪೆರಾ. ಜರ್ಮನಿಯವರು ಇದನ್ನು ಜಿಂಗ್‌ಷ್ಪೀಲ್ ಎನ್ನುತ್ತಾರೆ. 1782ರ ಜುಲೈ 16ರಂದು ವಿಯೆನ್ನಾದಲ್ಲಿ ಮೊದಲ ಸಲ ಆಡಿದಾಗ ಪಾಷಾನ ಪಾತ್ರ ಮಾಡಿದ ಡೊಮಿನಿಕ್ ಯೌಟ್ಸ್ ಗಾಯಕನಲ್ಲ, ನಟ.

ಕತೆ ಸರಳ. ಕಾನ್‌ಸ್ಟಾಂಟ್ಸೆ ಎಂಬ ಸ್ಪೇನಿನ ಹೆಣ್ಣು, ಅವಳ ಸಖಿ ಬ್ಲಾಂಡೆ, ಸೇವಕ ಪೆಡ್ರಿಲ್ಲೊ ಕಡಲ್ಗಳ್ಳರ ಕೈಗೆ ಸಿಕ್ಕಿ ಪಾಷಾ ಸಲೀಮನಿಗೆ ಮಾರಾಟವಾಗಿದ್ದಾರೆ. ಪಾಷಾ ಕಾನ್‌ಸ್ಟಾಂಟ್ಸೆಯನ್ನು ಪ್ರೀತಿಸುತ್ತಾನೆ, ಆದರೆ ಬಲವಂತ ಮಾಡುವುದಿಲ್ಲ, ಅವಳಾಗಿ ಒಪ್ಪಲಿ ಎಂದು ಕಾಯುತ್ತಾನೆ. ಅವಳ ಪ್ರಿಯಕರ ಬೆಲ್ಮೊಂಟೆ ಹುಡುಕಿಕೊಂಡು ಬರುತ್ತಾನೆ. ಅರಮನೆಯ ಕಾವಲುಗಾರ ಓಸ್ಮಿನ್‌ನಿಗೆ ಮದ್ಯ ಕುಡಿಸಿ ಮಲಗಿಸಿ ಎಲ್ಲರೂ ತಪ್ಪಿಸಿಕೊಳ್ಳಲು ನೋಡಿ ಸಿಕ್ಕಿಬೀಳುತ್ತಾರೆ. ಆಗ ತಿಳಿಯುತ್ತದೆ, ಬೆಲ್ಮೊಂಟೆಯ ತಂದೆಯೇ ಸಲೀಮನ ಪರಮ ಶತ್ರು. ಅವನ ಪ್ರೇಮವನ್ನೂ ಆಸ್ತಿಯನ್ನೂ ತಾಯ್ನಾಡನ್ನೂ ಕಿತ್ತುಕೊಂಡವನು. ಎಲ್ಲರೂ ಸಾವಿಗೆ ಕಾಯುತ್ತಿದ್ದಾಗ ಸಲೀಮ ಎಲ್ಲರನ್ನೂ ಬಿಟ್ಟು ಕಳಿಸುತ್ತಾನೆ. ನಿನ್ನ ತಂದೆಯ ದಾರಿಯನ್ನು ಹಿಡಿಯುವಷ್ಟು ಕೀಳಾಗಲಾರೆ, ಅನ್ಯಾಯಕ್ಕೆ ಒಳಿತಿನಿಂದ ಉತ್ತರಿಸುವುದರಲ್ಲೇ ನನಗೆ ಸಂತೋಷ ಎಂಬ ಅರ್ಥದ ಮಾತಾಡುತ್ತಾನೆ. ಕೆಡುಕನ್ನು ಒಳಿತಿನಿಂದ ಎದುರಿಸಬೇಕೆಂಬುದು ನಮ್ಮ ಮದರಸದ ಮಗುವಿಗೂ ಗೊತ್ತು. ಅದನ್ನು ವಿಯೆನ್ನಾದ ರಂಗದ ಮೇಲೆ ಒಬ್ಬ ಪಾಷಾನ ಬಾಯಿಂದ, ಅದೂ ತುರ್ಕರು ಆ ಊರಿಗೆ ಮುತ್ತಿಗೆ ಹಾಕಿ ನೂರು ವರ್ಷ ತುಂಬಲು ಒಂದೇ ವರ್ಷ ಬಾಕಿ ಇದ್ದಾಗ ಹೇಳಿಸಿದ್ದಾರೆ. ಇದು ಸಣ್ಣ ವಿಷಯವಲ್ಲ. ಈ ನಾಟಕಕ್ಕೆ ಆಧಾರವಾದ ಮೂಲದಲ್ಲಿ ಬೆಲ್ಮೊಂಟೆ ಸಲೀಮನ ಕಳೆದುಹೋದ ಮಗನೇ ಆಗಿರುತ್ತಾನೆ, ಆದ್ದರಿಂದ ಕ್ಷಮಿಸುತ್ತಾನೆ. ಮೊಜಾರ್ಟ್‌ಗಾಗಿ ಅದನ್ನು ತಿದ್ದಿದ ಸ್ಟೆಫಾನಿ ಮಗನನ್ನು ತೆಗೆದು ಶತ್ರುವಿನ ಮಗನನ್ನು ಇಟ್ಟ. ರಕ್ತಸಂಬಂಧದ ಕ್ಷಮೆ ಸುಲಭ. ಇಲ್ಲಿ ಅದರ ನೆವ ಇಲ್ಲ.

ಇದೇ 1782ರ ಡಿಸೆಂಬರ್‌ನಲ್ಲಿ ಇಲ್ಲಿ ಹೈದರಲಿ ತೀರಿಕೊಂಡು ಟಿಪ್ಪು ಅಧಿಕಾರಕ್ಕೆ ಬಂದ. ಬೆಣ್ಣೆ ಚಾವಡಿಯ ದನಗಳಿಗೆ ಅಮೃತಮಹಲ್ ಎಂದು ಹೆಸರಿಟ್ಟವನು ಅವನೇ. ಅಜ್ಜಂಪುರದ ತಳಿ ಸಂವರ್ಧನ ಕೇಂದ್ರದ ಆ ದನಗಳನ್ನು ನೋಡಿದಾಗಲೆಲ್ಲ ನನಗೆ ಈ ಕಾಲದ ಹೊಂದಿಕೆ ನೆನಪಾಗುತ್ತದೆ. ಮೊಜಾರ್ಟ್ ತುರ್ಕಿಯನ್ನೂ ಕಂಡವನಲ್ಲ, ಮೈಸೂರಿನ ಹೆಸರನ್ನು ಕೇಳಿದ್ದನೋ ಇಲ್ಲವೋ. ಮುಸಲ್ಮಾನ ದೊರೆಯೊಬ್ಬನನ್ನು ಕಲ್ಪಿಸಿಕೊಂಡ, ಅವನಿಗೆ ದೊಡ್ಡ ಮನಸ್ಸು ಕೊಟ್ಟ, ಹಾಡು ಕೊಡಲಿಲ್ಲ.

ಇಲ್ಲಿಗೆ ಧ್ವನಿಮುದ್ರಿಕೆಯ ಪ್ರಶ್ನೆ ಬರುತ್ತದೆ. ರಂಗದ ಮೇಲೆ ಪಾಷಾ ಹಾಡದಿದ್ದರೂ ನಿಂತಿರುತ್ತಾನೆ. ಎರಡನೆಯ ಅಂಕದಲ್ಲಿ ಕಾನ್‌ಸ್ಟಾಂಟ್ಸೆ ಯಾವ ಚಿತ್ರಹಿಂಸೆಗೂ ಬಗ್ಗುವುದಿಲ್ಲ ಎಂದು ಹಾಡುವ ದೊಡ್ಡ ಹಾಡೊಂದಿದೆ. ಹಾಡು ಶುರುವಾಗುವ ಮೊದಲು ಕೊಳಲು, ಓಬೊ, ಪಿಟೀಲು, ಚೆಲ್ಲೊ ಬಹಳ ಹೊತ್ತು ತಮ್ಮತಮ್ಮಲ್ಲೇ ಮಾತಾಡಿಕೊಳ್ಳುತ್ತವೆ. ಅಷ್ಟೂ ಹೊತ್ತು ಅವಳೂ ಪಾಷಾನೂ ಎದುರುಬದುರು ಸುಮ್ಮನೆ ನಿಂತಿರಬೇಕು. ನೋಡುವವರಿಗೆ ಅವನ ಮುಖ ಕಾಣುತ್ತದೆ. ತಟ್ಟೆಯಲ್ಲಿ ಮುಖ ಎಲ್ಲಿದೆ? ತಟ್ಟೆಯಲ್ಲಿ ಅವನು ಇರುವುದು ಅವನ ಮಾತಿನಲ್ಲಿ ಮಾತ್ರ. ಸಂಭಾಷಣೆ ಕೇಳುಗರಿಗೆ ಬೇಸರ ಎಂದು ಮುದ್ರಿಸುವವರು ಅದನ್ನು ಕತ್ತರಿಸುತ್ತಾರೆ. ಅರ್ಧ ಕತ್ತರಿಸಿದರೆ ಪಾಷಾ ಅರ್ಧವಾಗುತ್ತಾನೆ, ಪೂರ್ತಿ ಕತ್ತರಿಸಿದರೆ ಇಲ್ಲವಾಗುತ್ತಾನೆ. ಕ್ಷಮಿಸುವ ಮುಸಲ್ಮಾನ ಮಾಯವಾಗಿ, ಕುಡಿದು ತೂರಾಡುವ, ಚಾಟಿ ಬೀಸುವ ಮುಸಲ್ಮಾನ ಓಸ್ಮಿನ್ ಮಾತ್ರ ಉಳಿಯುತ್ತಾನೆ. ಯಾಕೆಂದರೆ ಓಸ್ಮಿನ್‌ನಿಗೆ ಹಾಡುಗಳಿವೆ, ಬಲು ಒಳ್ಳೆಯ ಹಾಡುಗಳು. ಮುದ್ರಿಸುವವರಲ್ಲಿ ಯಾರೂ ಹೀಗೆ ಯೋಚಿಸಿ ಮಾಡಿದ್ದಲ್ಲ ಎಂದು ನನಗೆ ಗೊತ್ತು. ಆದರೂ ನಾನು ಕೊಂಡ ಮೊದಲ ಸಿ.ಡಿ.ಯಲ್ಲಿ ಆದದ್ದು ಅದೇ.

ಓಸ್ಮಿನ್‌ನನ್ನು ನಾವು ಬಲ್ಲೆವು. ನಮ್ಮ ಹಳೆಯ ನಾಟಕ, ಸಿನಿಮಾಗಳಲ್ಲಿ 'ನಮ್ದೂಕೆ ನಿಮ್ದೂಕೆ' ಎಂದು ಒಡಕು ಕನ್ನಡ ಮಾತಾಡಿ ನಗಿಸುವ ಸಾಬಿ ಅವನೇ. ಬೈಗುಳ ಜಾಸ್ತಿ, ಬುದ್ಧಿ ಕಮ್ಮಿ, ಹೆಂಗಸರ ಕೈಲಿ ಸೋಲುವವನು. ಸಲೀಮನನ್ನೂ ಬಲ್ಲೆವು. ಕೊನೆಯ ದೃಶ್ಯದಲ್ಲಿ ಬಂದು ಎಲ್ಲರನ್ನೂ ಉಳಿಸಿ ತಾನು ಸಾಯುವ, ಇಲ್ಲವೇ ಒಂಟಿಯಾಗಿ ನಿಲ್ಲುವ ದೊಡ್ಡ ಮನಸ್ಸಿನ ಖಾನ್ ಅವನು. ಈ ಎರಡು ಪಾತ್ರಗಳ ನಡುವೆ ಸಾಧಾರಣ ಮನುಷ್ಯನೊಬ್ಬ, ಅಂದರೆ ಸಾಲ ಮಾಡಿ, ಮಗಳ ಫೀಸು ಕಟ್ಟಿ, ಆಗಾಗ ಸಿಡುಕಿ ಬದುಕುವ ಮುಸಲ್ಮಾನ, ನಮ್ಮ ರಂಗದ ಮೇಲೂ ಕಷ್ಟಪಟ್ಟು ಹುಡುಕಿದರೆ ಸಿಕ್ಕಾನು. ಕತೆ ಬರೆಯುವವನಾಗಿ ನನ್ನ ಹೋರಾಟವೆಲ್ಲ ಅವನನ್ನು ಹುಡುಕುವುದೇ. ಹಾಗಾಗಿ 1782ರ ವಿಯೆನ್ನಾದಲ್ಲಿ ಈ ಇಬ್ಬರೂ ಆಗಲೇ ಸಿದ್ಧವಾಗಿ ನಿಂತಿದ್ದನ್ನು ಕಂಡು ನನಗೆ ನಗುವೂ ಬಂತು, ಬೇಸರವೂ ಆಯಿತು.

ಪೂರ್ತಿ ಸಂಭಾಷಣೆ ಓದಿದರೆ ಬೇಸರ ಇನ್ನೂ ಸ್ವಲ್ಪ ಹೆಚ್ಚುತ್ತದೆ. ಪಾಷಾ ಹುಟ್ಟು ಮುಸಲ್ಮಾನನಲ್ಲ, ಮತ ಬದಲಿಸಿದವನು ಎಂದು ಪೆಡ್ರಿಲ್ಲೊ ಮೊದಲ ಅಂಕದಲ್ಲೇ ಹೇಳುತ್ತಾನೆ. ಅಂದರೆ ಒಳ್ಳೆಯ ಪಾಷಾ ಹುಟ್ಟಿನಿಂದ ತಮ್ಮವನೇ ಆಗಿರಬೇಕಿತ್ತು! ಸಂಭಾಷಣೆ ಕತ್ತರಿಸಿದಾಗ ಹೋಗುವ ಮಾತುಗಳಲ್ಲಿ ಇದೂ ಒಂದು. ಮಾತು ಪೂರ್ತಿ ಇರಲಿ ಎಂದು ಕೇಳುವವನು ಇದನ್ನೂ ಕೇಳಿಸಿಕೊಳ್ಳಬೇಕಾಗುತ್ತದೆ. ನಾನು ಕೇಳಿಸಿಕೊಳ್ಳುತ್ತೇನೆ. ಅರ್ಧ ಸತ್ಯದ ಪಾಷಾಗಿಂತ ಇಡೀ ಪಾಷಾ ವಾಸಿ.

ಹಾಗಾದರೆ ಯಾವ ಧ್ವನಿಮುದ್ರಿಕೆ? ಈಗ ಅಂಗಡಿಗೆ ಹೋಗಬೇಕಿಲ್ಲ. ಮೈಸೂರಿನ ಮಹಾರಾಜರ 20,000 ತಟ್ಟೆಗಳಿಗಿಂತ ಹೆಚ್ಚು ಫೋನಿನಲ್ಲೇ ಸಿಗುತ್ತವೆ. ಮೊದಲು ನೋಡಬೇಕಾದ್ದು ಹಾಡುವವರ ಹೆಸರನ್ನಲ್ಲ. ಪಾಷಾ ಸಲೀಮ ಎಂಬ ಹೆಸರಿನ ಮುಂದೆ ಯಾರಾದರೂ ಇದ್ದಾರೆಯೇ ಎಂದು ನೋಡಿ. ಇಲ್ಲದಿದ್ದರೆ ಮುಂದೆ ಹೋಗಿ.

ಕಾರ್ಲ್ ಬೋಮ್ 1973ರಲ್ಲಿ ಡ್ರೆಸ್ಡೆನ್ನಿನ ವಾದ್ಯವೃಂದದೊಂದಿಗೆ ಮಾಡಿದ್ದು ಹೊಸಬರಿಗೆ ಒಳ್ಳೆಯ ಬಾಗಿಲು. ಕಾನ್‌ಸ್ಟಾಂಟ್ಸೆಯಾಗಿ ಅಮೆರಿಕದ ಆರ್ಲೀನ್ ಆಜರ್ ಹಾಡಿದ್ದಾರೆ. ಆ ಚಿತ್ರಹಿಂಸೆಯ ಹಾಡನ್ನು ಅವರು ಕಿರುಚದೆ ಹಾಡುತ್ತಾರೆ. ಹಠವಿದೆ, ಅಹಂಕಾರವಿಲ್ಲ. ಓಸ್ಮಿನ್ ಆಗಿ ಕುರ್ಟ್ ಮೋಲ್. ಅವರ ದನಿ ಬಾವಿಯ ತಳದಿಂದ ಬಂದಂತೆ ಬರುತ್ತದೆ. ಓಸ್ಮಿನ್‌ನ ಗೆಲುವಿನ ಹಾಡಿನಲ್ಲಿ ಗಂಡುದನಿ ಇಳಿಯಬಲ್ಲಷ್ಟು ಕೆಳಗೆ ಇಳಿದು ಒಂದೇ ಸ್ವರದ ಮೇಲೆ ನಿಲ್ಲಬೇಕು. ಅನೇಕರು ಅಲ್ಲಿ ಗೊರಗೊರ ಎನ್ನುತ್ತಾರೆ, ಮೋಲ್ ನಿಜಕ್ಕೂ ಹಾಡುತ್ತಾರೆ. ಈ ಓಸ್ಮಿನ್‌ನನ್ನು ಕೇಳಿದಾಗ ನನಗೊಂದು ವಿಷಯ ಹೊಳೆಯಿತು. ತಲೆ ಕಡಿದ ಮೇಲೆ ನೇಣು ಹಾಕುವ ಲೆಕ್ಕದಲ್ಲಿ ಶಿಕ್ಷೆಗಳ ಪಟ್ಟಿ ಹೇಳುವ ಈ ಕೋಪಿಷ್ಠನ ಬಗ್ಗೆ ಮೊಜಾರ್ಟ್ ತನ್ನ ತಂದೆಗೆ 1781ರ ಸೆಪ್ಟೆಂಬರ್‌ನಲ್ಲಿ ಕಾಗದ ಬರೆದಿದ್ದಾನೆ: ಮನುಷ್ಯ ಕೋಪದಲ್ಲಿ ಮಿತಿ ಮೀರಬಹುದು, ಆದರೆ ಸಂಗೀತ ಕಿವಿಗೆ ನೋವು ಮಾಡದೆ ಸಂಗೀತವಾಗಿಯೇ ಉಳಿಯಬೇಕು ಎಂಬ ಅರ್ಥದಲ್ಲಿ. ಅಂದರೆ ಮಾತು ಬರೆದವನು ಓಸ್ಮಿನ್‌ನನ್ನು ಗೇಲಿ ಮಾಡಿದ, ಸಂಗೀತ ಬರೆದವನು ಅವನನ್ನು ಗೇಲಿಯಿಂದ ಅರ್ಧ ಎತ್ತಿಕೊಂಡ. ಮೋಲ್ ಹಾಡುವಾಗ ಆ ಅರ್ಧ ಕೇಳುತ್ತದೆ. ಪಾಷಾನ ಮಾತನ್ನಾಡಿದವರು ಓಟೊ ಮೆಲ್ಲಿಸ್ ಎಂಬ ಪೂರ್ವ ಜರ್ಮನಿಯ ನಟ. ಗದ್ದಲವಿಲ್ಲದ ಗಂಭೀರ ದನಿ. ಅರ್ಥವಾಗದ ಭಾಷೆಯಲ್ಲೂ ಮನುಷ್ಯ ದುಃಖದಲ್ಲಿದ್ದಾನೆ ಎಂದು ತಿಳಿಯುತ್ತದೆ.

ಜಾನ್ ಎಲಿಯಟ್ ಗಾರ್ಡಿನರ್ 1991ರಲ್ಲಿ ಮೊಜಾರ್ಟ್ ಕಾಲದ ಬಗೆಯ ವಾದ್ಯಗಳನ್ನು ಬಳಸಿ ಮಾಡಿದ್ದು ಬೇರೆಯೇ ರುಚಿ. ಈ ಒಪೆರಾದ ಮೊದಲ ತುಣುಕಿನಲ್ಲೇ ದೊಡ್ಡ ನಗಾರಿ, ಕಂಚಿನ ತಾಳ, ತ್ರಿಕೋನದ ಕಿಣಿಕಿಣಿ, ಕಿರಿಕೊಳಲು ಒಟ್ಟಿಗೆ ನುಗ್ಗುತ್ತವೆ. ಅದು ತುರ್ಕಿ ಸುಲ್ತಾನರ ಜಾನಿಸರಿ ಪಡೆಯ ಮೇಳದ ಅನುಕರಣೆ. ಯುದ್ಧಭೂಮಿಯಲ್ಲಿ ಯುರೋಪನ್ನು ನಡುಗಿಸಿದ ಆ ವಾದ್ಯಗಳು ಆಮೇಲೆ ಯುರೋಪಿನ ವಾದ್ಯವೃಂದದ ಖಾಯಂ ಸದಸ್ಯರಾದುವು. ಗಾರ್ಡಿನರ್‌ನಲ್ಲಿ ಅದು ಉರುಸಿನ ಸಂದಲ್ ಮೆರವಣಿಗೆ ತಿರುವಿನಲ್ಲಿ ದಿಢೀರನೆ ಎದುರಾದಂತೆ ಕೇಳುತ್ತದೆ. ಬೋಮ್‌ನಲ್ಲಿ ಅದೇ ಮೇಳ ಸ್ವಲ್ಪ ದೂರದ ಬೀದಿಯಲ್ಲಿದೆ. (ಕಾಲ ಹೇಗೆ ತಿರುಗುತ್ತದೆ ನೋಡಿ. 1826ರಲ್ಲಿ ಸುಲ್ತಾನ ಎರಡನೆಯ ಮಹಮೂದ್ ಜಾನಿಸರಿಗಳನ್ನು ರದ್ದು ಮಾಡಿ, 1828ರಲ್ಲಿ ತನ್ನ ಸೈನ್ಯಕ್ಕೆ ಬ್ಯಾಂಡು ಕಲಿಸಲು ಇಟಲಿಯಿಂದ ಒಬ್ಬನನ್ನು ಕರೆಸಿದ. ಆತ ಒಪೆರಾಕಾರ ಡೊನಿಜೆಟ್ಟಿಯ ಅಣ್ಣ ಜುಸೆಪ್ಪೆ. ಆಮೇಲೆ ಅವನೂ ಪಾಷಾ ಆದ.)

ಮಾತಿಗೆ ಮರ್ಯಾದೆ ಕೊಟ್ಟ ಧ್ವನಿಮುದ್ರಿಕೆ ಬೇಕೆಂದರೆ ರೆನೆ ಯಾಕೊಬ್ಸ್ ಮಾಡಿದ್ದು, 2015ರಲ್ಲಿ ಬಂದದ್ದು. ಆಡುಮಾತನ್ನು ಅಲ್ಲಿ ಬೇಸರದ ಬಾಬತ್ತೆಂದು ನೋಡಿಲ್ಲ. ಮಾತಿನ ಹಿಂದೆ ಹಳೆಯ ಕಾಲದ ಪಿಯಾನೊ ಒಂದು ಎಳೆಎಳೆಯಾಗಿ ನಡೆಯುತ್ತಿರುತ್ತದೆ, ನಮ್ಮ ನಾಟಕದ ಮಾತಿನ ಹಿಂದೆ ಹಾರ್ಮೋನಿಯಂ ಇರುವ ಹಾಗೆ. ಕೆಲವರಿಗೆ ಇದು ಅತಿಯಾಯಿತು. ನನಗೆ ಮನೆಗೆ ಬಂದಂತಾಯಿತು. ಸಲೀಮನಾಗಿ ಕಾರ್ನೆಲಿಯಸ್ ಒಬೊನ್ಯಾ ಎಂಬ ಆಸ್ಟ್ರಿಯಾದ ನಟ.

ಅದೇ 2015ರಲ್ಲಿ ಬಂದ ಇನ್ನೊಂದನ್ನು ನಡೆಸಿದವರು ಕೆನಡಾದ ಯಾನಿಕ್ ನೆಜೆ-ಸೆಗ್ವೆ. ಅದರ ಹಾಡುಗಾರಿಕೆಯಲ್ಲಿ ಎಲ್ಲವೂ ನನಗೆ ಹಿಡಿಸಲಿಲ್ಲ. ಬೆಲ್ಮೊಂಟೆಯಾಗಿ ವಿಲಜೋನ್ ದನಿಗೆ ಈ ಹಗುರದ ಅಂಗಿ ಬಿಗಿಯಾಗಿದೆ. ಆದರೂ ಅದನ್ನು ನಾನು ಮತ್ತೆಮತ್ತೆ ಕೇಳುವುದು ಪಾಷಾನಿಗಾಗಿ. ಆ ಪಾತ್ರ ಆಡಿದವರು ಥಾಮಸ್ ಕ್ವಾಸ್ಟಾಫ್, ತಮ್ಮ ಕಾಲದ ಬಲು ದೊಡ್ಡ ಗಾಯಕರಲ್ಲೊಬ್ಬರು. 2012ರಲ್ಲಿ ಅವರು ಹಾಡುವುದನ್ನು ನಿಲ್ಲಿಸಿದ್ದರು. ಹಾಡಬಲ್ಲ, ಈಗ ಹಾಡದ ಮನುಷ್ಯನೊಬ್ಬ ಹಾಡಿಲ್ಲದ ಪಾತ್ರದಲ್ಲಿ ಮಾತಾಡುತ್ತಾನೆ. ಪಾಷಾನ ಮೌನಕ್ಕೆ ಇದಕ್ಕಿಂತ ತೂಕ ಬೇರೆಲ್ಲೂ ನನಗೆ ಕೇಳಿಲ್ಲ.

ಇನ್ನೊಂದನ್ನು ಬಿಡುವಂತಿಲ್ಲ. ಚಾರ್ಲ್ಸ್ ಮಕೆರಸ್ ನಡೆಸಿದ, ಇಸ್ತಾಂಬುಲ್‌ನ ತೋಪ್‌ಕಾಪಿ ಅರಮನೆಯ ಸಿನಿಮಾಕ್ಕೂ ಬಳಕೆಯಾದ ಧ್ವನಿಮುದ್ರಿಕೆ. ಅದರಲ್ಲಿ ಕಾನ್‌ಸ್ಟಾಂಟ್ಸೆಯಾಗಿ ಹಾಡಿದವರು ಯೆಲ್ದಾ ಕೊದಾಲಿ ಎಂಬ ತುರ್ಕಿಯ ಗಾಯಕಿ. ತುರ್ಕರ ಸೆರೆಯಲ್ಲಿರುವ ಯುರೋಪಿನ ಹೆಣ್ಣಿನ ಅಳಲನ್ನು ತುರ್ಕಿಯ ಹೆಣ್ಣೇ ಹಾಡುತ್ತಾಳೆ. ಬಂದವರೆಲ್ಲ ಬಂದು ನಮ್ಮ ಬಗ್ಗೆ ಹೇಳಿ ಹೋದ ಮೇಲೆ ಮನೆಯವರು ಆ ಕತೆಯನ್ನೇ ಎತ್ತಿಕೊಂಡು ಹಾಡಿದ ಹಾಗೆ. ಮಿಲಾನ್‌ನ ಲಾ ಸ್ಕಾಲಾದಲ್ಲಿ ವರ್ಷಗಟ್ಟಲೆ ಹಾಡಿದ ಲೈಲಾ ಗೆಂಜೆರ್ (1928-2008) ಕೂಡ ಇಸ್ತಾಂಬುಲ್‌ನವರೇ. ದೊಡ್ಡ ಕಂಪನಿಗಳು ಅವರ ಪೂರ್ತಿ ಒಪೆರಾಗಳನ್ನು ಮುದ್ರಿಸುವ ಗೋಜಿಗೆ ಹೋಗಲಿಲ್ಲ. ಅಭಿಮಾನಿಗಳು ರೇಡಿಯೊದಿಂದ, ಸಭಾಂಗಣದಲ್ಲಿ ಕದ್ದು ಟೇಪು ಮಾಡಿಕೊಂಡದ್ದರಿಂದಲೇ ಅವರ ದನಿ ಉಳಿಯಿತು. ಪಟ್ಟಿಗಳನ್ನು ನಂಬಬೇಡಿ ಎಂದು ಹೇಳಿದ್ದು ಇದಕ್ಕೇ. ಪಟ್ಟಿಯಲ್ಲಿ ಇರುವುದು ಮುದ್ರಣವಾದದ್ದು ಮಾತ್ರ.

ಮೊಜಾರ್ಟ್‌ನ ಈ ಒಪೆರಾದಿಂದಲೇ ಶುರು ಮಾಡಬೇಕೆಂದೇನೂ ಇಲ್ಲ. 'ಉಮ್ರಾವ್ ಜಾನ್ ಅದಾ' ಓದಿದವರಿಗೆ 'ಲಾ ತ್ರಾವಿಯಾತಾ' ಬೇಗ ಹತ್ತಿರವಾಗುತ್ತದೆ. ಅಲ್ಲೂ ಮರ್ಯಾದಸ್ಥರು ಕೋಠಿಯ ಹೆಣ್ಣನ್ನು ಪ್ರೀತಿಸಿ, ಮನೆತನದ ಹೆಸರಿನಲ್ಲಿ ಕೈಬಿಡುತ್ತಾರೆ. ಕಾರ್ಲೊಸ್ ಕ್ಲೈಬರ್ 1976-77ರಲ್ಲಿ ಮಾಡಿದ್ದನ್ನು ತೆಗೆದುಕೊಳ್ಳಿ. ಇಲಿಯಾನಾ ಕೊತ್ರುಬಾಸ್ ದನಿಯಲ್ಲಿ ಕ್ಷಯದ ಸುಸ್ತು ಮೊದಲಿನಿಂದಲೇ ಇದೆ. ಪುಚ್ಚೀನಿಯ 'ತೋಸ್ಕಾ' ಬೇಕಾದರೆ 1953ರದು, ಮಾರಿಯಾ ಕಾಲಸ್ ಹಾಡಿದ್ದು. ಅದನ್ನು ಮುದ್ರಿಸಿದವರು ಮೈಸೂರಿಗೆ ಬಂದಿದ್ದ ಅದೇ ವಾಲ್ಟರ್ ಲೆಗ್. ಒಂದೇ ತುಣುಕನ್ನು ಹತ್ತಾರು ಸಲ ಹಾಡಿಸಿ ಕಾಡುತ್ತಿದ್ದರಂತೆ. ಇವತ್ತಿನ ಮುದ್ರಣದ ಹೊಳಪು ಅದರಲ್ಲಿಲ್ಲ, ಆದರೆ ಒಂದು ಕ್ಷಣವೂ ಕಿವಿ ಆಚೀಚೆ ಹೋಗುವುದಿಲ್ಲ. ಯಾವುದೇ ಆದರೂ ಕತೆ ಮತ್ತು ಹಾಡುಗಳ ಅರ್ಥವನ್ನು ಮುಂಚೆ ಓದಿಕೊಳ್ಳಿ. ಕಂಪನಿಯವರು ಟಿಕೆಟ್ಟಿನ ಜತೆ ಹಾಡಿನ ಪುಸ್ತಕ ಮಾರುತ್ತಿದ್ದುದು ಸುಮ್ಮನೆ ಅಲ್ಲ. 'ಕುರುಕ್ಷೇತ್ರ' ನೋಡಲು ಬರುವವರಿಗೆ ಮುಂದೇನೆಂಬ ಕುತೂಹಲ ಇರುವುದಿಲ್ಲ, ಹೇಗೆ ಎಂಬುದು ಇರುತ್ತದೆ. ಒಂದೇ ಒಪೆರಾವನ್ನು ಮೂವರು ಮಾಡಿದ್ದನ್ನು ಕೇಳಿದರೆ, ಮೂವತ್ತು ಒಪೆರಾ ಒಮ್ಮೊಮ್ಮೆ ಕೇಳಿದ್ದಕ್ಕಿಂತ ಹೆಚ್ಚು ದಕ್ಕುತ್ತದೆ ಎಂಬುದು ನನ್ನ ಅನುಭವ.

ಕಳೆದ ಚಳಿಗಾಲದಲ್ಲಿ ನಮ್ಮ ಕಡೆಯ ಡ್ರಾಮಾ ಮೇಷ್ಟ್ರೊಬ್ಬರಿಗೆ ಬೋಮ್‌ನ ಧ್ವನಿಮುದ್ರಿಕೆಯನ್ನು ಪೂರ್ತಿ ಕೇಳಿಸಿದೆ. ಎಪ್ಪತ್ತು ದಾಟಿದವರು, ನಾಲ್ಕೈದು ತಾಲ್ಲೂಕುಗಳಲ್ಲಿ ದುರ್ಯೋಧನರನ್ನು ತಯಾರು ಮಾಡಿದವರು. ಕತೆಯನ್ನು ನಡುನಡುವೆ ನಾನೇ ಹೇಳುತ್ತ ಹೋದೆ. ಓಸ್ಮಿನ್ ಕೆಳಗಿನ ಸ್ವರಕ್ಕೆ ಇಳಿದಾಗ, "ಇನ್ನೊಂದ್ಸಲ ಹಾಕಿ ಸಾಬ್ರೇ" ಎಂದು ಕಣ್ಣು ಮುಚ್ಚಿಕೊಂಡರು. ಕೊನೆಯ ಭಾಗ ಬಂತು. ಬಿಡುಗಡೆಯಾದವರು ಒಬ್ಬೊಬ್ಬರಾಗಿ ಪಾಷಾನಿಗೆ ಕೃತಜ್ಞತೆ ಹಾಡುತ್ತಾರೆ. ಓಸ್ಮಿನ್ ಮಾತ್ರ ಸಿಟ್ಟಿನಿಂದ ಎದ್ದು ಹೋಗುತ್ತಾನೆ. ಜಾನಿಸರಿಗಳು ಜಯಕಾರ ಹಾಕುತ್ತಾರೆ, ನಗಾರಿ ಬಡಿಯುತ್ತದೆ, ಮುಗಿಯುತ್ತದೆ.

ಮೇಷ್ಟ್ರು ಸ್ವಲ್ಪ ಹೊತ್ತು ಕಾದರು. "ರಾಜ್ಪಾರ್ಟು ಯಾವಾಗ ಹಾಡ್ತಾನೆ?" ಎಂದರು.

"ಅವನಿಗೆ ಹಾಡಿಲ್ಲ ಮೇಷ್ಟ್ರೇ. ಮಾತು ಅಷ್ಟೇ."

"ಅದೆಂಗೆ? ಎಲ್ಲರನ್ನೂ ಬಿಟ್ಟು ಕಳಿಸಿದೋನು ಅವನು. ಒಂದು ಕಂದನಾದ್ರೂ ಬ್ಯಾಡ್ವಾ?" ಎನ್ನುತ್ತ ಹಾರ್ಮೋನಿಯಂ ಎಳೆದುಕೊಂಡರು. ಶ್ರುತಿ ಹಿಡಿದರು. ಬೇಗಡೆ ಚೆನ್ನಾಗಿರುತ್ತೆ, ಆದರೆ ಆ ಹುಡುಗಿ ಹೊರಟು ಹೋಗಿದಾಳಲ್ಲ, ಮುಖಾರಿಗೂ ಜಾಗ ಐತೆ ಎಂದು ತಮ್ಮಷ್ಟಕ್ಕೇ ಹೇಳಿಕೊಂಡು, ಎರಡನ್ನೂ ಒಂದೊಂದು ಸಲ ನುಡಿಸಿ ನೋಡಿದರು.